ಗಣ್ಯರಿಗೆ ಹಂಚಿದ ವ್ಯಾಕರಣ

ನನಗೆ ವ್ಯಾಕರಣ ಬರುವುದಿಲ್ಲ. ಕಲಿತದ್ದು ಏಳನೆಯ ಇಯತ್ತೆಯವರೆಗೆ. ಮೂವತ್ತು ವರ್ಷ ವ್ಯಾಕರಣದ ಚೀಟಿಗಳಿಗೆ ದಬ್ಬಣದಿಂದ ದಾರ ಪೋಣಿಸಿದ್ದೇ ನನ್ನ ಪಾಂಡಿತ್ಯ. ಆ ದಬ್ಬಣವೂ ಬ್ಯಾಡಗಿಯ ತವರಿನಲ್ಲಿ ಮೆಣಸಿನಕಾಯಿ ಚೀಲ ಹೊಲಿಯುತ್ತಿದ್ದದ್ದು.

ನಮ್ಮವರು ರಾಣೆಬೆನ್ನೂರಿನಲ್ಲಿ ಸಂಸ್ಕೃತ ಮಾಸ್ತರರಾಗಿದ್ದರು. ಪ್ರಾಚೀನ ವ್ಯಾಕರಣದ ನಿಯಮಗಳನ್ನು ಚೀಟಿಗೊಂದರಂತೆ ಕನ್ನಡದಲ್ಲಿ ಬರೆಯುತ್ತಿದ್ದರು. ಆ ಕಾಲದ ಪಂಡಿತರು ಮಾತಿನಲ್ಲಿ ಮಹಾ ಜಿಪುಣರು. ಹಿಂದಿನ ನಿಯಮದಲ್ಲಿ ಹೇಳಿದ್ದನ್ನು ಮುಂದಿನದರಲ್ಲಿ ಮತ್ತೆ ಹೇಳರು. ಸಾಲು ತಪ್ಪಿದರೆ ಏನೂ ತಿಳಿಯದು. "ಕಂಪ್ಯೂಟರಿಗೂ ಹಿಂಗ ಹೇಳಬೇಕಂತ ನೋಡ, ಒಂದರ ಹಿಂದ ಒಂದು," ಎಂದು ಇವರು ಹಿಗ್ಗುತ್ತಿದ್ದರು. ಯಂತ್ರಕ್ಕೆ ಭಾಷೆ ಕಲಿಸುವ ಕೆಲಸದಲ್ಲಿದ್ದ ಇವರ ಹಳೆಯ ವಿದ್ಯಾರ್ಥಿನಿಯೊಬ್ಬಳು ಚೀಟಿಗಳನ್ನು ಕೇಳಿ ಪತ್ರ ಬರೆದಿದ್ದಳು. ಕಳಿಸುವ ಮೊದಲೇ ಇವರು ತೀರಿಕೊಂಡರು.

ಅದು ಎಂಬತ್ತರ ದಶಕದ ಕೊನೆ. ಸಂಸ್ಕೃತವೇ ಕಂಪ್ಯೂಟರಿನ ಭಾಷೆ ಎಂದು ಭಾಷಣ ಮಾಡದ ಗಣ್ಯರು ನಮ್ಮ ಹಾವೇರಿ ಸೀಮೆಯಲ್ಲಿ ಇರಲಿಲ್ಲ. ಅವರಲ್ಲಿ ಕಂಪ್ಯೂಟರ್ ನೋಡಿದವರೂ ಇರಲಿಲ್ಲ, ಸಂಸ್ಕೃತ ಬಲ್ಲವರೂ ಇರಲಿಲ್ಲ. ಅವರೇ ಶ್ರದ್ಧಾಂಜಲಿ ಸಭೆ ಇಟ್ಟರು. ತೋರಿಸಲೆಂದು ಒಂದು ಕಟ್ಟು ಚೀಟಿ ಒಯ್ದಿದ್ದೆ. ಅಧ್ಯಕ್ಷರು, "ವೈನಿ, ಮಾಸ್ತರ ನೆನಪಿಗೆ ಎಲ್ಲಾರಿಗೂ ಒಂದೊಂದು ಕೊಡೂಣೇನ್ರಿ?" ಎಂದರು. ದುಃಖದಲ್ಲಿ ತಲೆಯಾಡಿಸಿಬಿಟ್ಟೆ. ದಾರ ಕತ್ತರಿಸಿ, ಶಾಲಿನೊಂದಿಗೆ ತಲೆಗೊಂದು ನಿಯಮ ಹಂಚಿದರು.

ಕಟ್ಟು ಪೂರ್ತಿಯಾಗದೆ ಆ ವಿದ್ಯಾರ್ಥಿನಿಗೆ ಕಳಿಸುವುದು ಹೇಗೆ? ಬಸ್ಸು ಹತ್ತಿ ಮನೆಮನೆಗೆ ಹೋಗಿ ಕೇಳಿದೆ. ಒಬ್ಬರು ದೇವರ ಜಗಲಿಯ ಮೇಲಿಟ್ಟು ಕುಂಕುಮ ಹಚ್ಚಿದ್ದರು. ಗುತ್ತಲದ ಇನ್ನೊಬ್ಬರು ಶಾಲಿನ ಮಡಿಕೆಯನ್ನೇ ಬಿಚ್ಚಿರಲಿಲ್ಲ. ಯಾರೂ ಓದಿರಲಿಲ್ಲವಾದ್ದರಿಂದ ಎಲ್ಲವೂ ಸುರಕ್ಷಿತವಾಗಿದ್ದವು. ಚೀಟಿಯ ಮೂಲೆಯಲ್ಲಿ ಇವರು ಬರೆದಿದ್ದ ಅಂಕಿ ನೋಡಿ ಮತ್ತೆ ಪೋಣಿಸುತ್ತ ಬಂದೆ.

ಉಳಿದದ್ದು ಆ ಸಭೆಯ ಅಧ್ಯಕ್ಷರದೊಂದೇ, ಮೋಟೆಬೆನ್ನೂರಿನ ಅವರ ಮನೆಯಲ್ಲಿ. ಅವರು ಗಾಜಿನ ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದರು. ಚೀಟಿಯಲ್ಲಿ ಇದ್ದದ್ದು ಇಷ್ಟೇ: 'ಇಲ್ಲಿಯೂ ಹಾಗೆಯೇ.'

"ಎಂಥಾ ವೇದಾಂತ ನೋಡ್ರಿ ವೈನಿ! ದಿನಾ ಮುಂಜಾನೆ ಇದರ ಮುಂದ ಕುಂತು ಧ್ಯಾನ ಮಾಡತೇನಿ."

"ಇದರ ಹಿಂದಿನ ಚೀಟಿ ನನ್ನ ಹಂತೇಕ ಐತ್ರಿ. ಅದನ್ನ ಓದಿದ್ರ ಇದಕ್ಕ ಅರ್ಥ ಬರತೈತಿ."

"ಈಗ ಅರ್ಥ ಯಾಕ ಬೇಕ್ರಿ? ಸಮಾಧಾನ ಸಿಕ್ಕೈತಲ್ಲ."

ಆ ಎರಡು ಪದಗಳನ್ನು ನನ್ನ ಸೊಟ್ಟ ಅಕ್ಷರದಲ್ಲಿ ಬರೆದುಕೊಂಡು ಬಂದು, ಅದರ ಜಾಗಕ್ಕೆ ಪೋಣಿಸಿ ಕಳಿಸಿದೆ. ಹುಡುಗಿ ಉತ್ತರ ಬರೆದಳು: ಎಲ್ಲ ಸರಿಯಾಗಿ ಕೂತಿದೆ, ಒಂದು ಚೀಟಿಯ ಕೈಬರಹ ಮಾತ್ರ ಬೇರೆ, ಯಂತ್ರಕ್ಕೆ ಅದರ ಫರಕು ತಿಳಿಯುವುದಿಲ್ಲ.

ಯಂತ್ರ ಪುಣ್ಯ ಮಾಡಿತ್ತು.