ಕ್ರೇನಕ್ಕ ಬಿಡದ ಹಲಗೆ

ಗುಜರಿ ಕಬ್ಬಿಣದ ಆ ದೊಡ್ಡ ಅಂಗಳದಲ್ಲಿ ಎಲ್ಲರ ಬಾಯಲ್ಲೂ ಅವಳು ಕ್ರೇನಕ್ಕ. ನಲವತ್ತೆರಡು ಮೆಟ್ಟಿಲಿನ ಕಬ್ಬಿಣದ ಏಣಿ ಹತ್ತಿದರೆ ಸಿಗುವ ಗಾಜಿನ ಗೂಡು ಅವಳ ಕೆಲಸದ ಜಾಗ. ಕಾಲು ಚಾಚಿದರೆ ಗೋಡೆ, ಕೈ ಎತ್ತಿದರೆ ಸೂರು. ಹನ್ನೊಂದು ವರ್ಷದಿಂದ ಬೆಳಗ್ಗೆ ಎಂಟಕ್ಕೆ ಹತ್ತಿದರೆ ಊಟಕ್ಕೊಮ್ಮೆ ಇಳಿಯುವುದು, ಮತ್ತೆ ಸಂಜೆ ಐದಕ್ಕೇ. ಶೌಚಾಲಯ ಕೆಳಗಿದ್ದುದರಿಂದ ಬಾಯಾರಿದರೂ ನೀರನ್ನು ಗುಟುಕು ಗುಟುಕಾಗಿಯೇ ಕುಡಿಯುತ್ತಿದ್ದಳು.

ಆ ಕೆಲಸ ಕೊಡಿಸಿದವನು ಅವಳ ಮೈದುನ. ಅದೇ ಅಂಗಳದಲ್ಲಿ ಗ್ಯಾಸ್ ಜ್ವಾಲೆಯಿಂದ ಕಬ್ಬಿಣ ಕತ್ತರಿಸುತ್ತಿದ್ದ. ಅತ್ತಿಗೆ ಹತ್ತನೇ ತರಗತಿ ಓದಿದವರು, ಶಾಲೆಯಲ್ಲೇ ಮೊಳೆಗೆ ತಂತಿ ಸುತ್ತಿ ಬ್ಯಾಟರಿ ಕೊಟ್ಟು ಗುಂಡುಸೂಜಿ ಎತ್ತಿದವರು ಎಂದು ಮ್ಯಾನೇಜರ್ ಮುಂದೆ ಹೊಗಳಿದ್ದ. ಅದು ಸುಳ್ಳೇನಲ್ಲ. ಸುತ್ತು ಹೆಚ್ಚಾದಷ್ಟೂ, ಕರೆಂಟ್ ಹೆಚ್ಚಾದಷ್ಟೂ ಮೊಳೆ ಹೆಚ್ಚು ಸೂಜಿ ಎತ್ತುತ್ತದೆ, ಕರೆಂಟ್ ನಿಂತರೆ ಬರೀ ಮೊಳೆ ಎಂಬುದು ಅವಳಿಗೆ ಆಗಲೇ ಗೊತ್ತಿತ್ತು. ಕ್ರೇನಿನ ಹಗ್ಗಕ್ಕೆ ತೂಗುಬಿದ್ದಿದ್ದ ವಿದ್ಯುತ್ಕಾಂತವೂ ಅಷ್ಟೇ: ಒಳಗೆ ಸಾವಿರಾರು ಸುತ್ತು ತಂತಿ, ಗುಂಡಿ ಒತ್ತಿದರೆ ಟನ್ನುಗಟ್ಟಲೆ ಕಬ್ಬಿಣ ಅಂಟಿಕೊಳ್ಳುತ್ತಿತ್ತು, ಆರಿಸಿದರೆ ಉದುರುತ್ತಿತ್ತು.

ಮೊದಲ ವರ್ಷ ಹೆಮ್ಮೆ. ಆಮೇಲೆ ಮಂಡಿ ನೋವು, ಬಿಸಿಲಿಗೆ ಕಾದ ಗಾಜು, ಯಾರ ಜೊತೆಯೂ ಮಾತಿಲ್ಲದ ದಿನಗಳು. ಕೆಳಗೆ ಏನಾದರೂ ಕೆಲಸ ಕೊಡಿ ಎಂದು ಮೂರು ಸಲ ಕೇಳಿದ್ದಳು. ಮ್ಯಾನೇಜರ್ ಪ್ರತಿ ಸಲವೂ ಅವಳನ್ನು ಹೊಗಳಿಯೇ ಬಾಯಿ ಮುಚ್ಚಿಸಿ, ಮತ್ತೆ ಏಣಿ ಹತ್ತಿಸಿದ್ದ.

ಆ ದಿನ ಹನ್ನೊಂದರ ಹೊತ್ತಿಗೆ ಅವಳು ರಾಶಿಯಿಂದ ಒಂದೂವರೆ ಟನ್ ತೂಕದ ಉಕ್ಕಿನ ಹಲಗೆಯೊಂದನ್ನು ಎತ್ತಿದಳು. ಅದು ಎರಡಾಳೆತ್ತರಕ್ಕೆ ಬಂದಿತ್ತಷ್ಟೆ, ಬುಡ ಸಡಿಲಾಗಿ ರಾಶಿ ಜಾರಿತು. ಅಂಚಿನಲ್ಲಿ ನಿಂತಿದ್ದ ಮೈದುನ ಅದರ ಜೊತೆಯಲ್ಲೇ ಜಾರಿಬಂದು ಹಲಗೆಯ ನೇರ ಕೆಳಗೆ ಬಿದ್ದ. ಒಂದು ತೊಲೆ ಅವನ ಎಡಗಾಲನ್ನು ಅದುಮಿತು. ಹಲಗೆಯನ್ನು ಪಕ್ಕಕ್ಕೆ ಒಯ್ಯಲು ಅವಳು ಸನ್ನೆಕೋಲನ್ನು ಜಗ್ಗಿದಳು. ಜಾರಿದ ಕಬ್ಬಿಣ ಹಳಿಗೆ ಅಡ್ಡ ಬಿದ್ದು ಕ್ರೇನ್ ಅಲುಗಲಿಲ್ಲ. ಮೇಲಕ್ಕೆತ್ತಲು ನೋಡಿದರೆ ಆ ಕುಲುಕಿಗೆ ಹಗ್ಗ ಉರುಳೆಯಿಂದ ಹಾರಿ ಸಿಕ್ಕಿಕೊಂಡಿತ್ತು.

ಕೆಳಗೆ ಜನ ಓಡಿಬಂದರು. ಯಂತ್ರ ಕೆಟ್ಟರೆ ಮೊದಲು ಕರೆಂಟ್ ತೆಗೆಯಬೇಕು ಎಂಬುದು ಅಲ್ಲಿಯ ನಿಯಮ. ಮ್ಯಾನೇಜರ್ ಮೇನ್ ಸ್ವಿಚ್ಚಿನತ್ತ ಓಡುವುದು ಕಂಡಿತು. ಅವಳು ವೈರ್‌ಲೆಸ್ ಕಿತ್ತುಕೊಂಡು ಹೇಳಿದಳು: "ಸಾರ್, ಮೇನ್ ಮುಟ್ಟಬೇಡಿ. ಕರೆಂಟ್ ಹೋದರೆ ಹಲಗೆ ಅವನ ಮೇಲೇ ಬೀಳತ್ತೆ."

ಮ್ಯಾನೇಜರ್ ನಿಂತಲ್ಲೇ ನಿಂತ. "ಕರೆಂಟ್ ಹೋದ್ರೆ ಅಂತಾನೇ ಕಾಂತಕ್ಕೆ ಬ್ಯಾಟರಿ ಇದೆಯಲ್ಲಮ್ಮ, ಅದು ಹಿಡ್ಕೊಳ್ಳಲ್ವಾ?"

"ಬ್ಯಾಟರಿ ಸತ್ತು ಆರು ತಿಂಗಳಾಯ್ತು. ನಾನು ಬರೆದುಕೊಟ್ಟಿದ್ದೆ."

ಅಲ್ಲಿಂದಾಚೆ ಹಲಗೆಯನ್ನು ಹಿಡಿದಿರುವುದೊಂದೇ ಅವಳ ಕೈಯಲ್ಲಿದ್ದ ಕೆಲಸ. ಗೂಡು ಬಿಟ್ಟು ಇಳಿಯುವಂತಿಲ್ಲ, ಗುಂಡಿಯಿಂದ ಕಣ್ಣು ತೆಗೆಯುವಂತಿಲ್ಲ. ಬೆಳಗಿನಿಂದ ದುಡಿದ ಕಾಂತದೊಳಗಿನ ತಂತಿ ಸುರುಳಿ ಕಾದಿತ್ತು. ಕಾದ ತಾಮ್ರ ಕರೆಂಟಿಗೆ ಹೆಚ್ಚು ತಡೆಯೊಡ್ಡುತ್ತದೆ, ಕರೆಂಟ್ ಇಳಿದರೆ ಕಾಂತದ ಹಿಡಿತವೂ ಇಳಿಯುತ್ತದೆ. ಅದಕ್ಕೇ ಹತ್ತು ನಿಮಿಷಕ್ಕಿಂತ ಹೆಚ್ಚು ಹೊತ್ತು ಭಾರ ಹಿಡಿದಿರಬಾರದು ಎಂದು ಗಾಜಿಗೆ ಚೀಟಿ ಅಂಟಿಸಿದ್ದರು. ಕರೆಂಟ್ ತೋರಿಸುವ ಮೀಟರಿನ ಮುಳ್ಳು ಅರವತ್ತರಿಂದ ಐವತ್ತೈದಕ್ಕೆ ಬಂತು. ಎಷ್ಟಕ್ಕೆ ಇಳಿದರೆ ಹಲಗೆ ಕಳಚುತ್ತದೆಂದು ಯಾರೂ ಅವಳಿಗೆ ಹೇಳಿರಲಿಲ್ಲ. ಬೆವರು ಕಣ್ಣಿಗಿಳಿದರೂ ಒರೆಸಿಕೊಳ್ಳಲಿಲ್ಲ.

ಮರದ ದಿಮ್ಮಿಗಳನ್ನು ತಂದು ಹಲಗೆಯ ಎರಡೂ ಅಂಚಿನ ಕೆಳಗೆ ಅಡ್ಡಡ್ಡ ಪೇರಿಸಿ ಎಂದು ಅವಳೇ ವೈರ್‌ಲೆಸ್ಸಿನಲ್ಲಿ ಹೇಳಿದಳು. ಹಲಗೆ ಬಿದ್ದರೂ ದಿಮ್ಮಿಯ ಮೇಲೆ ಕೂರಲಿ ಎಂಬ ಯೋಚನೆ. ಆಳುಗಳು ಜೀವ ಕೈಯಲ್ಲಿ ಹಿಡಿದು ಪೇರಿಸತೊಡಗಿದರು. ಯಾರದೋ ವೈರ್‌ಲೆಸ್ಸಿನಲ್ಲಿ ಮೈದುನನ ದನಿ ಬಂತು.

"ಅತ್ತಿಗೆ, ಕೈ ಬಿಡಬೇಡಿ."

"ಬಿಡಲ್ಲ. ನೀನು ಅಲುಗಾಡಬೇಡ," ಎಂದಳು.

ಮುಳ್ಳು ನಲವತ್ತೆಂಟಕ್ಕೆ ಬಂದಾಗ ಹಲಗೆಯ ಒಂದು ಮೂಲೆ ಕಾಂತದಿಂದ ಬೆರಳಗಲ ಬಿಟ್ಟುಕೊಂಡಿತು. ಆ ಹೊತ್ತಿಗೆ ಕೆಳಗೆ ಜಾಕ್ ಕೊಟ್ಟು ತೊಲೆ ಎತ್ತಿದ್ದರು. ಇಬ್ಬರು ಮೈದುನನ ಕಂಕುಳಿಗೆ ಕೈ ಹಾಕಿ ಎಳೆದರು. ಕಾಂತ ಒಟ್ಟು ಇಪ್ಪತ್ತಾರು ನಿಮಿಷ ಹಲಗೆಯನ್ನು ಹಿಡಿದಿತ್ತು.

ಎಲ್ಲರೂ ದೂರ ಸರಿದ ಮೇಲೆ ಅವಳು ಗುಂಡಿ ಆರಿಸಿದಳು. ಉಕ್ಕು ಮೊಂಡು, ಕರೆಂಟ್ ಹೋದ ಮೇಲೂ ಕಾಂತಗುಣವನ್ನು ತುಸು ಉಳಿಸಿಕೊಳ್ಳುತ್ತದೆ. ಹಲಗೆ ಅರೆಕ್ಷಣ ಅಂಟಿಕೊಂಡೇ ಇತ್ತು. ಉಳಿದ ಕಾಂತಗುಣ ಅಳಿಸಲು ಅವಳು ಕರೆಂಟನ್ನು ಒಂದು ಕ್ಷಣ ಉಲ್ಟಾ ಹರಿಸಿದಳು. ಹಲಗೆ ದಿಮ್ಮಿಗಳ ಮೇಲೆ ಬಿದ್ದ ಸದ್ದಿಗೆ ಗೂಡಿನ ಗಾಜೆಲ್ಲ ನಡುಗಿತು. ಗೂಡಿನಿಂದ ಹೊರಬಂದು ಏಣಿಯ ಮೇಲ್ತುದಿಯ ಮೆಟ್ಟಿಲ ಮೇಲೆ ಬಹಳ ಹೊತ್ತು ಕೂತಿದ್ದಳು.

ಮೈದುನನ ಕಾಲು ಉಳಿಯಿತು, ಆದರೆ ಕುಂಟು ಹೋಗಲಿಲ್ಲ. ಹೊಸ ಬ್ಯಾಟರಿ ಬಾರದೆ ಹತ್ತುವುದಿಲ್ಲ ಎಂದು ಕ್ರೇನಕ್ಕ ಪಟ್ಟು ಹಿಡಿದಳು; ಐದನೇ ದಿನ ಬಂತು, ಆರನೇ ದಿನ ಅವಳು ಹತ್ತಿದಳು. ಎರಡು ತಿಂಗಳ ಬಳಿಕ ಕೆಳಗೆ, ಲಾರಿಗಳ ತೂಕ ಬರೆಯುವ ಕೋಣೆಯಲ್ಲಿ ಒಂದು ಜಾಗ ಖಾಲಿಯಾಯಿತು. ಮ್ಯಾನೇಜರ್ ಅವಳನ್ನೇ ಕರೆದು, ಬರ್ತೀಯಾಮ್ಮ ಎಂದು ಕೇಳಿದ. ಮೈದುನನಿಗೆ ಕೊಡಿ ಎಂದು ಹೇಳಿ ಬಂದಳು.

ಆ ಸಂಜೆ ಬಸ್ಸಿನಲ್ಲಿ ಅವನು ತಲೆ ತಗ್ಗಿಸಿ, "ಆ ಕುರ್ಚಿ ನಿಮ್ಮದಾಗಬೇಕಿತ್ತು ಅತ್ತಿಗೆ," ಎಂದ.

"ಆ ಕಾಲಲ್ಲಿ ನಿನಗೆ ರಾಶಿ ಹತ್ತೋಕೆ ಆಗತ್ತಾ? ನನಗೆ ಏಣಿ ಇನ್ನೂ ಹತ್ತೋಕಾಗತ್ತೆ," ಎಂದು ಅವಳು ಕಿಟಕಿಯ ಕಡೆ ತಿರುಗಿದಳು.