ಖಾಲಿ ಕಾರಿಗೆ ಸರಿಯಾಗುವ ಚಕ್ರ

ಗಂಡ ಗಲ್ಫಿನಿಂದ ಬರುವ ವಾರ, ಬಂಟ್ವಾಳದ ಅವರ ಗೆಳೆಯ ನಾಲ್ಕು ಅಲಾಯ್ ಚಕ್ರಗಳನ್ನು ಟಯರ್ ಸಮೇತ ಬೆಳ್ತಂಗಡಿಯ ಟಯರ್ ಅಂಗಡಿಯಲ್ಲಿ ಇಳಿಸಿ ಹೋದ. "ಏರ್‌ಪೋರ್ಟಿಗೆ ಇದನ್ನು ಹಾಕಿಸಿಯೇ ಬಾ" ಎಂದು ಗಲ್ಫಿನಿಂದಲೇ ಇವರ ಅಪ್ಪಣೆ. ಎರಡು ವರ್ಷದಿಂದ ತಮ್ಮ ಕಾರನ್ನು ಅವರು ನೋಡಿದ್ದು ಫೋನಿನಲ್ಲಿ ಮಾತ್ರ. ಬರುವಾಗ ಕೇಳಿದ್ದು ಇದೊಂದನ್ನೇ. ಬೇಡ ಎನ್ನುವುದು ಹೇಗೆ? ಆದರೆ ಮನೆಮಂದಿಯನ್ನೆಲ್ಲ ತುಂಬಿಸಿಕೊಂಡು ವೇಣೂರಿನ ಮನೆಯಿಂದ ಬಜಪೆಯ ಏರ್‌ಪೋರ್ಟಿನವರೆಗೆ ಓಡಿಸಬೇಕಾದವಳು ನಾನು.

ಅಂಗಡಿಗೆ ಅತ್ತೆಯೂ ನಾದಿನಿಯೂ ಜೊತೆಗೆ ಬಂದರು. ಹಳೆಯ ಟಯರಿನ ಮೈಮೇಲಿನ ಅಂಕಿ ಓದಿದೆ: ಅಗಲ ನೂರ ಅರವತ್ತೈದು, ರಿಮ್ಮು ಹದಿನಾಲ್ಕು ಇಂಚು. ಹೊಸದರ ಅಗಲ ಇನ್ನೂರ ಐದು, ರಿಮ್ಮು ಹದಿನೈದು. ಎರಡನ್ನೂ ಗೋಡೆಗೆ ಒರಗಿಸಿದರೆ ಹೊಸದು ಹೆಚ್ಚುಕಡಿಮೆ ಎರಡು ಬೆರಳು ಎತ್ತರ. ತಿರುಗಿಸುವಾಗ ಒಳಗೆ ತಾಗುವುದಿಲ್ಲವಾ ಎಂದು ಕೇಳಿದೆ.

"ಎಂತ ಆಗುದಿಲ್ಲ ಅಕ್ಕ, ಕೂತ್ಕೊಳ್ತದೆ" ಎಂದ ಅಂಗಡಿಯವ.

ವಿಡಿಯೋ ಕಾಲಿನಲ್ಲಿ ಇವರು ಗರಂ. "ಅಂಕಿ ನೋಡಿ ಹೆದರುದು ಎಂತಕ್ಕೆ?"

"ಅಂಕಿ ನೋಡದೆ ಧೈರ್ಯ ಮಾಡುದು ಎಂತಕ್ಕೆ?" ನನಗೂ ಸಿಟ್ಟು ಬರುತ್ತದೆ, ಏನು ಮಾಡುವುದು.

ಮುಂದಿನ ಎರಡು ಚಕ್ರ ಮಾತ್ರ ಹಾಕಿಸಿ, ಸ್ಟೇರಿಂಗನ್ನು ಎರಡೂ ಕಡೆ ಪೂರ್ತಿ ತಿರುಗಿಸಿದೆ. ಎಲ್ಲೂ ತಾಗಲಿಲ್ಲ.

"ನೋಡಿದ್ಯಾ?" ಎಂದರು, ಗೆದ್ದವರ ದನಿಯಲ್ಲಿ.

"ಇದು ಖಾಲಿ ಕಾರು. ನಿಮ್ಮನ್ನು ಕರೀಲಿಕ್ಕೆ ಖಾಲಿ ಕಾರು ಬರ್ತದಾ?"

ಗಲ್ಫಿನಿಂದ ಬರುವವರನ್ನು ಎದುರುಗೊಳ್ಳುವ ದಿನ ನಮ್ಮ ಕಡೆ ಮನೆಯಲ್ಲಿ ಯಾರೂ ಉಳಿಯುವುದಿಲ್ಲ. ವಾಪಸು ಬರುವಾಗ ಮಡಿಲಿನಲ್ಲೂ ಪೆಟ್ಟಿಗೆಗಳು. ಅತ್ತೆಯನ್ನು ಮುಂದೆ ಕೂರಿಸಿ ಫೋನನ್ನು ಅವರ ಕೈಗೆ ಕೊಟ್ಟೆ. ಹಿಂದೆ ನಾದಿನಿ, ಅವಳ ಪಕ್ಕದಲ್ಲಿ ಬಿಚ್ಚಿದ ಚಕ್ರಗಳು, ಅಂಗಡಿಯ ಹಳೆಯ ಬ್ಯಾಟರಿಗಳು.

"ಈ ಪ್ರಾಯದಲ್ಲಿ ನನ್ನನ್ನು ತೂಕಕ್ಕೆ ಹಾಕುದಾ ಮಾರಾಯ್ತಿ!" ಎಂದು ಅತ್ತೆ ಗೊಣಗಿದರು.

ಕಾರನ್ನು ರಸ್ತೆಗೆ ತಂದೆ. ಡಾಮರಿನ ಅಂಚು ಇಳಿಯುವಲ್ಲಿ ಸ್ಟೇರಿಂಗ್ ಪೂರ್ತಿ ತಿರುಗಿಸಿದೆ. ಕರ್ರ್ ಎಂದು ಟಯರು ಒಳಗೆ ಎಲ್ಲೋ ಉಜ್ಜಿತು. ಅತ್ತೆ ಬಾಗಿಲನ್ನು ಗಟ್ಟಿಯಾಗಿ ಹಿಡಿದುಕೊಂಡರು. ಆ ಸದ್ದು ಫೋನಿನಾಚೆಗೂ ಕೇಳಿಸಿರಬೇಕು.

"ತೆಗೆಸು" ಎಂದರು ಇವರು. ಆಮೇಲೆ ಮೆಲ್ಲಗೆ, "ಅಲ್ಲಿಯ ಎಲ್ಲವನ್ನೂ ನೀನೇ ನೋಡ್ಕೊಳ್ತಿ. ಇದೊಂದಾದ್ರೂ ನಾನು ಹೇಳಿದ ಹಾಗೆ ಇರ್ಲಿ ಅಂತ ಇತ್ತು."

ಫೋನು ಇಟ್ಟರು. ನನ್ನ ಮಾತೇ ಸರಿಯಾಗಿತ್ತು, ಆದರೂ ಅಳು ಬಂತು.

ಏರ್‌ಪೋರ್ಟಿನಲ್ಲಿ ಎಲ್ಲರನ್ನೂ ಅಪ್ಪಿಕೊಂಡ ಮೇಲೆ ಇವರು ಹಳೆಯ ಚಕ್ರಗಳ ಕಡೆಗೊಮ್ಮೆ ನೋಡಿದರು. ಎಡಗಡೆಯ ಬಾಗಿಲ ಬಳಿ ಹೋಗಿ ನಿಂತರು, ತಮ್ಮದೇ ಕಾರಿಗೆ ನೆಂಟರ ಹಾಗೆ. ಕೀಲಿಕೈಯನ್ನು ಅವರ ಅಂಗೈಯಲ್ಲಿಟ್ಟೆ.

"ನಾನು ಓಡಿಸಿದ್ರೆ ಹೆದರಿಕೆ ಇಲ್ವಾ?"

"ಉಂಟು. ನಿಧಾನ ಓಡಿಸಿ."

ತುಂಬಿದ ಕಾರು ಮೂಡಬಿದಿರೆಯ ಹತ್ತಿರದ ತಿರುವಿಗೆ ಬಂದಾಗ ಅವರು ಗಾಜು ಇಳಿಸಿ ಕಿವಿಗೊಟ್ಟರು. ಯಾವ ಸದ್ದೂ ಬರಲಿಲ್ಲ.

"ನಾಳೆ ಬೆಳ್ತಂಗಡಿಯ ಅಂಗಡಿಗೆ ಒಟ್ಟಿಗೆ ಹೋಗುವ" ಎಂದರು, ರಸ್ತೆಯಿಂದ ಕಣ್ಣು ತೆಗೆಯದೆ. "ಸೈಜು ನೀನು ನೋಡು. ಯಾವುದು ಚಂದ ಅಂತ ನಾನು ಹೇಳ್ತೇನೆ."