ಅತ್ತೆಯ ಉಸಿರಿಗೆ ಹಾಕಿದ ಕಾಮಾ

ಮದುವೆಗೆ ಮುಂಚೆ ಟೈಪಿಂಗ್ ಕಲಿತವಳು ನಾನು. ಕಾಮಾ ಆದ ಮೇಲೆ ಒಂದು ಜಾಗ, ಪೂರ್ಣವಿರಾಮ ಆದ ಮೇಲೆ ಎರಡು. ನಮ್ಮ ಮೇಷ್ಟ್ರು ಇದನ್ನು ಮಂತ್ರದ ಹಾಗೆ ಹೇಳಿಸುತ್ತಿದ್ದರು. ಕೆಲಸಕ್ಕೆ ಹೋಗಲಿಲ್ಲ, ಆದರೆ ಬೆರಳು ಮರೆತಿಲ್ಲ. ವಿದ್ಯಾರಣ್ಯಪುರದ ನಮ್ಮ ಭಜನೆ ಮಂಡಳಿಯ ಹಾಡಿನ ಹಾಳೆಗಳನ್ನು ಮನೆಯ ಕಂಪ್ಯೂಟರಿನಲ್ಲಿ ಟೈಪ್ ಮಾಡುವವಳು ನಾನೇ. ತಪ್ಪಿಲ್ಲದೆ ಮಾಡುತ್ತೇನೆ, ಹೇಳಿಕೊಳ್ಳಲು ಸಂಕೋಚವೇನಿಲ್ಲ.

ಮಂಡಳಿಯಲ್ಲಿ ಹಾಡು ಹೇಳಿಕೊಡುವವರು ನಮ್ಮತ್ತೆ. ಅವರು ಒಂದು ಸಾಲು ಹೇಳಿದರೆ ಉಳಿದವರು ಅದನ್ನೇ ಹಿಡಿಯಬೇಕು. ಹೋದ ಮಳೆಗಾಲದಲ್ಲಿ ನ್ಯುಮೋನಿಯಾ ಆಗಿ, ದೇವರ ದಯೆಯಿಂದ ಉಳಿದುಕೊಂಡರು. ಉಸಿರು ಮಾತ್ರ ಮೊದಲಿನಂತಿಲ್ಲ. ಚೇತರಿಸಿಕೊಂಡು ಮತ್ತೆ ಮಂಡಳಿಗೆ ಹೋದ ಮೊದಲ ಶುಕ್ರವಾರವೇ ಸಾಲಿನ ನಡುವೆ ದಮ್ಮು ಹತ್ತಿ ನಿಲ್ಲಿಸಿದರು. ಸಾಲು ಮುಗಿಯಿತೆಂದು ಉಳಿದವರು ಅರ್ಧಕ್ಕೇ ಹಿಡಿದರು, ತಾಳ ಚೆಲ್ಲಾಪಿಲ್ಲಿಯಾಯಿತು.

"ಇನ್ಮೇಲೆ ಬೇರೆ ಯಾರಾದ್ರೂ ಹೇಳ್ಕೊಡ್ಲಿ ಬುಡು ಕಣಮ್ಮ," ಎಂದರು ಮನೆಗೆ ಬಂದು. ಮಾರನೆಯ ದಿನ ದೇವರ ಮನೆಯಲ್ಲೂ ಅವರ ದನಿ ಕೇಳಲಿಲ್ಲ.

"ಇನ್ನೊಂದು ಶುಕ್ರವಾರ ನೋಡೋಣ ಅತ್ತೆ, ಹಾಳೆ ಹೊಸದಾಗಿ ಮಾಡ್ಕೊಡ್ತೀನಿ," ಎಂದೆ. ಅರ್ಥ ನೋಡಿಕೊಂಡು ಕಾಮಾ ಹಾಕಿ ಕೊಟ್ಟೆ. ಹಾಡಿ ನೋಡಿದರು, ಎರಡನೆಯ ಸಾಲಿಗೇ ಏದುಸಿರು.

"ಹಾಡಿಗ್ಯಾಕಮ್ಮ ಕಾಮಾ? ದೇವ್ರೇನು ನಿಮ್ಮ ಟೈಪಿಂಗ್ ಮೇಷ್ಟ್ರಾ, ಮಾರ್ಕ್ಸು ಕಳೆಯೋಕೆ?"

ಹಾಳೆ ಬದಿಗಿಟ್ಟು ಅವರ ಜೊತೆ ಅವರೆಕಾಯಿ ಸುಲಿಯಲು ಕುಳಿತೆ. ಕೈಗೆ ಕೆಲಸ ಸಿಕ್ಕರೆ ಅವರ ಬಾಯಿಗೆ ಹಾಡು ತಾನಾಗಿ ಬರುತ್ತದೆ. ಬಂತು. ಉಸಿರು ಎಲ್ಲೆಲ್ಲಿ ಕಡಿಯಿತೋ ಅಲ್ಲೆಲ್ಲ ಪೆನ್ಸಿಲಿನಲ್ಲಿ ಗುರುತು ಹಾಕಿಕೊಂಡೆ. ಆ ಗುರುತುಗಳಿಗೇ ಕಾಮಾ ಹಾಕಿ ಹಾಳೆಯನ್ನು ಮತ್ತೆ ಟೈಪ್ ಮಾಡಿದೆ, ಪದದ ನಡುವೆ ಕಡಿದಲ್ಲಿ ಹಿಂದಿನ ಪದಕ್ಕೇ ಕಾಮಾ ಸರಿಸಿದೆ. ಸಾಲು ಮುಗಿದಲ್ಲಿ ಪೂರ್ಣವಿರಾಮದ ಚುಕ್ಕೆ ಇಟ್ಟು, ಮೇಷ್ಟ್ರು ಹೇಳಿದಂತೆ ಎರಡು ಜಾಗ ಬಿಟ್ಟೆ, ಕನ್ನಡಕ ಮರೆತು ಬಂದವರಿಗೂ ಕಾಣಬೇಕಲ್ಲ.

ಶುಕ್ರವಾರ ಎಲ್ಲರಿಗೂ ಹಾಳೆ ಹಂಚಿ, "ಕಾಮಾಗೆ ಉಸಿರು ತಗೊಳ್ಳಿ, ಯಾರೂ ಹಿಡೀಬೇಡಿ. ಚುಕ್ಕೆ ಬಂದ್ಮೇಲೆ ಹಿಡೀರಿ," ಎಂದೆ.

ಅತ್ತೆ ಶುರು ಮಾಡಿದರು. ಕಾಮಾ ಬಂದಲ್ಲೆಲ್ಲ ಅವರು ಸುಮ್ಮನಾದರು, ಬರೀ ತಾಳ ನಡೆಯಿತು, ಯಾರೂ ನಡುವೆ ಬಾಯಿ ಹಾಕಲಿಲ್ಲ. ಹಾಡು ಮಂಗಳಾರತಿಯವರೆಗೂ ನಿಲ್ಲದೆ ಹೋಯಿತು.

"ಇದ್ಯಾವ ಧಾಟಿ ಕಣ್ರೀ, ಚೆನ್ನಾಗೈತಲ್ಲ," ಎಂದರು ಹಾರ್ಮೋನಿಯಂ ನುಡಿಸುವವರು.

"ನಮ್ ಸೊಸೆ ಧಾಟಿ," ಎಂದರು ಅತ್ತೆ.

ದಾರಿಯಲ್ಲಿ ನನ್ನ ಕೈ ಹಿಡಿದು ನಡೆಯುತ್ತಾ, "ಮುಂದಿನ ವಾರ ಕಾಮಾ ಸ್ವಲ್ಪ ಕಮ್ಮಿ ಹಾಕು," ಎಂದರು. ಅವರಿಗೆ ಅಷ್ಟು ಧೈರ್ಯ ಕೊಟ್ಟನಲ್ಲ ದೇವರು, ಸಾಕು. ಆದರೂ ಮುಂದಿನ ವಾರದ ಹಾಳೆಯಲ್ಲಿ ಒಂದೇ ಒಂದು ಕಾಮಾ ತೆಗೆದಿದ್ದೇನೆ.